ಸ್ವಾಧೀನ ತಪ್ಪಿದವರ ಸಂಸಾರವೂ ನೆರೆಹೊರೆಯವರ ಕರ್ತವ್ಯವೂ



ಸಂಸಾರವೆಂಬ ಬಂಡಿಗೆ ಗಂಡಹೆಂಡಿರು ಎರಡು ಗಾಲಿಗಳೆಂಬ ಮಾತು ಈ ನಾಡಿನ ಮದುವೆಯ ಚಪ್ಪರಗಳಲ್ಲೆಲ್ಲಾ ಕೇಳಿಬರುತ್ತದೆ. ಒಂದು ಗಾಲಿ ನಡುದಾರಿಯಲ್ಲಿ ಮುರಿದರೆ ಏನು ಮಾಡತಕ್ಕದ್ದೆಂಬುದನ್ನು ಮಾತ್ರ ಅಲ್ಲಿ ಯಾರೂ ಹೇಳುವುದಿಲ್ಲ. ಮುರಿದಾಗ ನೋಡಬಂದವರ ದೃಷ್ಟಿಯೆಲ್ಲಾ ಮುರಿದ ಗಾಲಿಯ ಮೇಲೆಯೇ ಬೀಳುವುದು ಸಹಜ. ಬಂಡಿಯ ಭಾರವನ್ನೆಲ್ಲಾ ಒಂಟಿಯಾಗಿ ಹೊತ್ತು ನಿಂತಿರುವ ಇನ್ನೊಂದು ಗಾಲಿಯನ್ನು ನೋಡುವವರು ವಿರಳ. ನಿನ್ನೆಯ ದಿನ ನೇಗಿಲು ಹಿಡಿದು ನಡೆದವನು ಇಂದು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮಲಗಿದರೆ, ಆ ಮನೆಯಲ್ಲಿ ಆಘಾತವು ಒಬ್ಬರಿಗಲ್ಲ, ಇಬ್ಬರಿಗೆ ಆಗಿರುತ್ತದೆ. ಒಬ್ಬರ ಪೆಟ್ಟು ಕಣ್ಣಿಗೆ ಕಾಣುತ್ತದೆ, ಇನ್ನೊಬ್ಬರದು ಕಾಣುವುದಿಲ್ಲ. ಇಂಥ ದಂಪತಿಗಳು ಹೊಸ ಬಾಳಿಗೆ ಹೊಂದಿಕೊಳ್ಳುವಾಗ ಬಂಧುಗಳೂ ನೆರೆಹೊರೆಯವರೂ ಊರ ಸಂಸ್ಥೆಗಳೂ ಯಾವ ರೀತಿಯಲ್ಲಿ ಆಸರೆಯಾಗಬಹುದೆಂಬುದೇ ಈ ಉಪನ್ಯಾಸದ ವಿಷಯವಾಗಿದೆ.

ಮೊದಲು ಈ ಸೀಮೆಯ ಸಂಗತಿಯನ್ನು ಗಮನಿಸಬೇಕು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನ ಕೋಟೆ ಎಂಬ ನಾಲ್ಕು ಸೀಮೆಗಳೂ ಮೈಮುರಿದು ದುಡಿಯುವ ಜನರ ನಾಡು. ಕೃಷ್ಣರಾಜನಗರದ ಕಡೆ ಕಾವೇರಿಯ ನಾಲೆಗಳ ಕೆಳಗೆ ಭತ್ತ, ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕಡೆಗಳಲ್ಲಿ ಹೊಗೆಸೊಪ್ಪು, ಎಲ್ಲೆಡೆಯಲ್ಲಿಯೂ ತೆಂಗು. ತೆಂಗಿನಮರ ಹತ್ತುವವನು, ಹೊಗೆಸೊಪ್ಪಿನ ಬ್ಯಾರನ್ನಿನ ಒಳಗೆ ಅಟ್ಟಣೆಯಿಂದ ಅಟ್ಟಣೆಗೆ ಕಾಲಿಟ್ಟು ಸೊಪ್ಪಿನ ಕಡ್ಡಿಗಳನ್ನು ಏರಿಸುವವನು, ಹುಲ್ಲು ಹೇರಿದ ಗಾಡಿಯ ಮೇಲೆ ನಿಂತವನು, ಕಟ್ಟಡದ ಸಾರುವೆಯ ಮೇಲಿರುವ ಗಾರೆಯವನು, ಇವರಲ್ಲಿ ಯಾರ ಕಾಲು ಜಾರಿದರೂ ಬೆನ್ನೆಲುಬಿಗೆ ಅಪಾಯವುಂಟು. ನಾಗರಹೊಳೆಯ ಕಾಡಂಚಿನ ಗ್ರಾಮಗಳಲ್ಲಿ ಆನೆಯ ಭಯ ಬೇರೆ. ಹುಣಸೂರು, ಪಿರಿಯಾಪಟ್ಟಣದ ಮಾರ್ಗವಾಗಿ ಕೊಡಗಿನತ್ತ ಸಾಗುವ 275ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನಗಳ ವೇಗವು ಮತ್ತೊಂದು ಅಪಾಯ. ಲೋಕದಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನರು ಬೆನ್ನುಹುರಿಯ ಪೆಟ್ಟಿನೊಡನೆ ಬದುಕುತ್ತಿರುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಎತ್ತರದಿಂದ ಬೀಳುವುದು, ರಸ್ತೆಯ ಅಪಘಾತ, ಹಿಂಸೆ ಇವೇ ಅದಕ್ಕೆ ಮುಖ್ಯ ಕಾರಣಗಳು. ಆದಕಾರಣ ಇದು ಎಲ್ಲೋ ಒಂದೆಡೆ ಯಾರಿಗೋ ಒದಗಿದ ವಿಪತ್ತೆಂದು ಭಾವಿಸಿ ಸುಮ್ಮನಿರುವಂತಿಲ್ಲ.

ಬಿದ್ದ ಕ್ಷಣದಲ್ಲಿ ನೆರೆಯವರು ಮಾಡುವ ಮೊದಲನೆಯ ಉಪಕಾರವು ಅವಸರಪಡದೆ ಇರುವುದೇ ಆಗಿದೆ. ಬಿದ್ದವನನ್ನು ಇಬ್ಬರು ತೋಳು, ಕಾಲು ಹಿಡಿದು ಎತ್ತಿ, ಬೆನ್ನು ಬಾಗಿಸಿ ಆಟೋವಿನಲ್ಲಿ ಕೂರಿಸುವುದು ಪ್ರೀತಿಯಿಂದಲೇ ನಡೆಯುವ ಕೆಲಸ. ಆದರೆ ಮುರಿದ ಮಣಿಯು ಬೆನ್ನುಹುರಿಯನ್ನು ಮತ್ತಷ್ಟು ಜಜ್ಜುವುದು ಅದರಿಂದಲೇ. ಕುತ್ತಿಗೆ, ಬೆನ್ನು, ಸೊಂಟ ಒಂದೇ ಸಾಲಿನಲ್ಲಿರುವಂತೆ ಹಲವರು ಸೇರಿ ಮರದ ದಿಮ್ಮಿಯನ್ನು ಉರುಳಿಸುವಂತೆ ಹೊರಳಿಸಿ, ಹಲಗೆಯ ಮೇಲೆ ಮಲಗಿಸಿ ಸಾಗಿಸತಕ್ಕದ್ದು. ಕರ್ಣಾಟಕದಲ್ಲಿ 2008ರಿಂದ 108ನೆಯ ಸಂಖ್ಯೆಯ ತುರ್ತುವಾಹನದ ವ್ಯವಸ್ಥೆಯಿದೆ. ಅದು ಬರುವವರೆಗೆ ಅಲುಗಿಸದೆ ಕಾಯುವುದು ಒಳ್ಳೆಯದು.

ಆಸ್ಪತ್ರೆಯ ಮೊದಲ ದಿನಗಳು ಕಳೆದ ಮೇಲೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಬೆನ್ನುಹುರಿಯೆಂಬುದು ಮಿದುಳಿನಿಂದ ದೇಹಕ್ಕೆ ಇಳಿಯುವ ನರಗಳ ಕಟ್ಟು. ಅದು ಎಲ್ಲಿ ಜಜ್ಜಿಹೋಗಿದೆಯೋ ಅಲ್ಲಿಂದ ಕೆಳಗೆ ಚಲನೆಯೂ ಸ್ಪರ್ಶವೂ ಮಲಮೂತ್ರಗಳ ಹತೋಟಿಯೂ ತಪ್ಪುತ್ತವೆ. ಕುತ್ತಿಗೆಯಲ್ಲಾದರೆ ಕೈಗಳೂ ಸೇರಿ ಹೋಗುವುದುಂಟು. ಬೆನ್ನಿನ ನಡುವಿನಲ್ಲಾದರೆ ಕೈಗಳು ಉಳಿಯುತ್ತವೆ. ಹುರಿಯು ಪೂರ್ತಿಯಾಗಿ ಕೆಡದೆ ಉಳಿದಿದ್ದರೆ ಮೊದಲಿನ ತಿಂಗಳುಗಳಲ್ಲಿ ಸ್ವಲ್ಪಮಟ್ಟಿಗೆ ಶಕ್ತಿ ಮರಳಬಹುದು. ಪೂರ್ತಿಯಾಗಿ ಕೆಟ್ಟ ಹುರಿಯನ್ನು ಮತ್ತೆ ಕೂಡಿಸುವ ಔಷಧವು ಇಂದಿನವರೆಗೂ ಲೋಕದ ಯಾವ ದೇಶದಲ್ಲಿಯೂ ಸಿದ್ಧವಾಗಿಲ್ಲ.

ಈ ಮಾತನ್ನು ಹೇಳುವುದು ಕಷ್ಟ, ಕೇಳುವುದು ಇನ್ನೂ ಕಷ್ಟ. ಆದರೆ ಹೇಳದೆ ಇರುವುದರಿಂದ ಆಗುವ ಹಾನಿ ಬಹಳ. ಕೆಲವು ವಾರಗಳ ತರುವಾಯ ಮಲಗಿದವನ ಕಾಲು ತಾನಾಗಿ ಅದುರುವುದುಂಟು. ಅದು ಹತೋಟಿ ತಪ್ಪಿದ ನರಗಳ ಸೆಳೆತವೇ ಹೊರತು ಗುಣದ ಚಿಹ್ನೆಯಲ್ಲ. ಇದನ್ನರಿಯದ ಮನೆಯವರು ದೇವರು ಕಣ್ಣುಬಿಟ್ಟನೆಂದು ಹರ್ಷಿಸಿ, ಊರೂರು ಅಲೆದು, ಎಣ್ಣೆಗೂ ತಾಯಿತಕ್ಕೂ ಹಣ ಸುರಿದು, ಕಡೆಗೆ ಒಂದೂವರೆ ಎಕರೆ ಗದ್ದೆಯನ್ನೂ ಕಳೆದುಕೊಳ್ಳುತ್ತಾರೆ. ಕಾಲಿಗೆ ಬರೆ ಹಾಕುವುದು, ಬಿಸಿನೀರಿನ ಶಾಖ ಕೊಡುವುದು ಇವು ಮತ್ತೂ ಅಪಾಯಕರ. ಸ್ಪರ್ಶವಿಲ್ಲದ ಚರ್ಮವು ಸುಟ್ಟರೂ ಅವನಿಗೆ ತಿಳಿಯುವುದಿಲ್ಲ. ಉಳಿದಿದ್ದ ಹಣವು ಗಾಲಿಕುರ್ಚಿಗೂ ಒಳ್ಳೆಯ ಹಾಸಿಗೆಗೂ ಮಕ್ಕಳ ಓದಿಗೂ ಬೇಕಾಗಿತ್ತು. ಆದುದರಿಂದ ಹಿತೈಷಿಗಳಾದವರು ವೈದ್ಯರ ಬಳಿಗೆ ದಂಪತಿಗಳಿಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು, ಸ್ಥಿತಿಯನ್ನು ಇಬ್ಬರ ಎದುರಿಗೂ ಹೇಳಿಸುವುದು ಯುಕ್ತ. ಗಂಡನಿಗೆ ಮರೆಮಾಡಿ ಹೆಂಡತಿಗೊಬ್ಬಳಿಗೇ ಹೇಳಿದರೆ, ಆಕೆ ಆ ಸುದ್ದಿಯನ್ನು ಒಡಲಲ್ಲಿಟ್ಟುಕೊಂಡು ದಿನವೂ ನಗುಮುಖ ನಟಿಸಬೇಕಾಗುತ್ತದೆ. ಇಬ್ಬರ ನಡುವೆ ಮೊದಲನೆಯ ಗೋಡೆ ಏಳುವುದು ಅಲ್ಲಿಯೇ.

ನಡೆಯಲಾರರೆಂಬ ಮಾತಿಗೆ ಬದುಕಲಾರರೆಂಬ ಅರ್ಥವಿಲ್ಲ. ಈ ಭೇದವನ್ನು ಲೋಕವು ಕಲಿತದ್ದೂ ಬಹಳ ಹಿಂದಿನ ಮಾತಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಬಹುಮಂದಿ ಕೆಲವೇ ವರ್ಷಗಳೊಳಗಾಗಿ, ಹಾಸಿಗೆಹುಣ್ಣಿನಿಂದಲೂ ಮೂತ್ರದ ಸೋಂಕಿನಿಂದಲೂ ತೀರಿಕೊಂಡರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಲುಡ್ವಿಗ್ ಗಟ್‌ಮನ್ ಎಂಬ ವೈದ್ಯರು ಇಂಥವರಿಗಾಗಿಯೇ ಒಂದು ಚಿಕಿತ್ಸಾಲಯವನ್ನು ನಡೆಸತೊಡಗಿದರು. ಅವರ ಉಪಾಯವು ಬಹು ಸರಳವಾದುದು: ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುಚಿಯಾಗಿ ನೋಡಿಕೊಳ್ಳುವುದು, ಏನಾದರೊಂದು ಕೆಲಸವನ್ನು ಕೈಗೆ ಕೊಡುವುದು. ಇಷ್ಟರಿಂದಲೇ ಸಾಯುವರೆಂದು ಬಿಟ್ಟವರು ಬದುಕಿದರು. 1948ರಲ್ಲಿ ಅಲ್ಲಿನ ಹದಿನಾರು ಮಂದಿ ಗಾಲಿಕುರ್ಚಿಗಳಲ್ಲಿ ಕುಳಿತು ಬಿಲ್ಲುವಿದ್ಯೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳಿಗೆ ಮೂಲವು ಅದೇ.

ಭಾರತದಲ್ಲಿಯೂ ಇಂಥ ಉದಾಹರಣೆಗಳಿಗೆ ಕೊರತೆಯಿಲ್ಲ. ವೆಲ್ಲೂರಿನ ವೈದ್ಯೆ ಮೇರಿ ವರ್ಗೀಸ್ ಅವರು 1954ರಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ ಕಾಲುಗಳ ಸ್ವಾಧೀನವನ್ನು ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದರು. ಮುಂದೆ ತಮ್ಮಂಥವರ ಪುನರ್ವಸತಿಗಾಗಿಯೇ ವಿಶೇಷ ವಿದ್ಯೆಯನ್ನು ಕಲಿತುಬಂದರು. ಅವರ ಶ್ರಮದಿಂದ ವೆಲ್ಲೂರಿನ ಪುನರ್ವಸತಿ ಕೇಂದ್ರವು 1966ರಲ್ಲಿ ಆರಂಭವಾಯಿತು. ಎಸ್. ರಾಮಕೃಷ್ಣನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯು 1975ರಲ್ಲಿ ನೌಕಾಪಡೆಯ ಆಯ್ಕೆಯ ಪರೀಕ್ಷೆಗಾಗಿ ಬೆಂಗಳೂರಿಗೆ ಬಂದಾಗ ಬಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನ ತಪ್ಪಿದವರಾದರು. ಅವರು 1981ರಲ್ಲಿ ತಮ್ಮ ಹುಟ್ಟೂರಾದ ತಮಿಳುನಾಡಿನ ಆಯಿಕುಡಿಯಲ್ಲಿ ಅಮರ್ ಸೇವಾ ಸಂಗಮವೆಂಬ ಸಂಸ್ಥೆಯನ್ನು ಕಟ್ಟಿ ಅಂಗವಿಕಲ ಮಕ್ಕಳಿಗೆ ಆಶ್ರಯವಾದರು. ಇಂಥವರ ಕಥೆಯನ್ನು ಮಲಗಿದವನ ಮುಂದೆ ಹೇಳಿ, ನೀನೇಕೆ ಹಾಗಾಗಬಾರದೆಂದು ಚುಚ್ಚುವುದು ಸರಿಯಲ್ಲ. ಎಲ್ಲರೂ ಸಂಸ್ಥೆ ಕಟ್ಟಬೇಕಾಗಿಲ್ಲ. ತನ್ನ ಮನೆಯನ್ನು ಕಟ್ಟಿಕೊಂಡರೆ ಸಾಕು. ಬದುಕಿಗೆ ದಾರಿಯುಂಟೆಂಬ ಭರವಸೆಗೆ ಮಾತ್ರ ಈ ಉದಾಹರಣೆಗಳು ಸಾಕ್ಷಿ.

ಆ ದಾರಿಯು ದಿನಚರಿಯಲ್ಲಿದೆ. ಸ್ಪರ್ಶವಿಲ್ಲದ ಮೈಯಲ್ಲಿ ಒಂದೇ ಕಡೆ ಭಾರ ಬಿದ್ದರೆ ರಕ್ತಸಂಚಾರ ನಿಂತು ಚರ್ಮ ಕೊಳೆಯುತ್ತದೆ. ಹುಣ್ಣು ಎಲುಬಿನವರೆಗೂ ಇಳಿಯಬಹುದು. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲಾಗಬೇಕು. ಕುರ್ಚಿಯಲ್ಲಿದ್ದಾಗ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈಯೂರಿ ಮೈಯೆತ್ತಿ ಭಾರವನ್ನು ತಪ್ಪಿಸಬೇಕು. ಬೆಳಿಗ್ಗೆ ಸಂಜೆ ಕನ್ನಡಿ ಹಿಡಿದು ಬೆನ್ನು, ಪೃಷ್ಠ, ಹಿಮ್ಮಡಿಗಳಲ್ಲಿ ಕೆಂಪು ಕಲೆ ಕಂಡೀತೆಂದು ನೋಡಿಕೊಳ್ಳಬೇಕು. ಮೂತ್ರವನ್ನು ವೈದ್ಯರು ಹೇಳಿದಂತೆ ನಾಲ್ಕರಿಂದ ಆರು ಗಂಟೆಗೊಮ್ಮೆ ಶುಚಿಯಾದ ನಳಿಕೆಯಿಂದ ತೆಗೆಯಬೇಕಾಗುತ್ತದೆ. ಈ ಕೆಲಸಕ್ಕೆ ಆಸ್ಪತ್ರೆಯ ಶಸ್ತ್ರಾಗಾರದ ಶುದ್ಧಿಯೇ ಬೇಕೆಂಬುದಿಲ್ಲ, ಸಾಬೂನಿನಿಂದ ತೊಳೆದ ಕೈಯ ಶುಚಿಯೇ ಸಾಕೆಂಬುದನ್ನು ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡೀಸರು 1972ರಲ್ಲಿ ತೋರಿಸಿಕೊಟ್ಟ ಮೇಲೆ ಬಡವರ ಮನೆಯಲ್ಲಿಯೂ ಇದು ಸಾಧ್ಯವಾಯಿತು. ಮಲವಿಸರ್ಜನೆಗೆ ದಿನವೂ ಒಂದೇ ಹೊತ್ತನ್ನು ಗೊತ್ತುಮಾಡಿಕೊಂಡರೆ ದೇಹವು ಕ್ರಮಕ್ಕೆ ಬರುತ್ತದೆ. ಎದೆಯ ಭಾಗದ ಆರನೆಯ ಮಣಿಯ ಮಟ್ಟದಲ್ಲಾಗಲಿ ಅದಕ್ಕಿಂತ ಮೇಲಾಗಲಿ ಪೆಟ್ಟಾದವರಿಗೆ ಫಕ್ಕನೆ ತಲೆ ಸಿಡಿದು ಮುಖ ಬೆವರಿದರೆ, ಅದನ್ನು ಸಾಮಾನ್ಯ ತಲೆನೋವೆಂದು ಬಗೆಯಬಾರದು. ರಕ್ತದೊತ್ತಡ ಏರಿದ ಲಕ್ಷಣವದು. ಕೂಡಲೇ ನೆಟ್ಟಗೆ ಕೂರಿಸಿ, ಮೂತ್ರವು ಕಟ್ಟಿದೆಯೇ ಎಂದು ನೋಡಿ, ವೈದ್ಯರನ್ನು ಕರೆಯತಕ್ಕದ್ದು.

ಈ ಕೆಲಸಗಳೆಲ್ಲವೂ ಸಾಮಾನ್ಯವಾಗಿ ಯಾರ ತಲೆಗೆ ಬೀಳುತ್ತವೆಂಬುದನ್ನು ವಿವರಿಸಬೇಕಾಗಿಲ್ಲ. ಪಿರಿಯಾಪಟ್ಟಣದ ಕಡೆಯ ಒಂದು ಮನೆಯನ್ನು ಮನಸ್ಸಿನಲ್ಲಿಯೇ ಕಲ್ಪಿಸಿಕೊಳ್ಳೋಣವಾಗಲಿ. ಗಂಡನಿಗೆ ಮೂವತ್ತೈದು, ಹೆಂಡತಿಗೆ ಇಪ್ಪತ್ತೆಂಟು, ಶಾಲೆಗೆ ಹೋಗುವ ಎರಡು ಮಕ್ಕಳು, ಮನೆಯಲ್ಲಿ ಅತ್ತೆ. ಹೆಂಡತಿಯು ಇರುಳಲ್ಲಿ ಮೂರು ಸಲ ಎದ್ದು ಗಂಡನನ್ನು ಮಗ್ಗುಲಾಗಿಸುತ್ತಾಳೆ. ನಸುಕಿನಲ್ಲಿ ಹಾಲು ಕರೆದು ಡೈರಿಗೆ ಹಾಕುತ್ತಾಳೆ. ಅವನ ಮೈ ತೊಳೆದು, ಬಟ್ಟೆ ಒಗೆದು, ರಾಗಿಮುದ್ದೆ ಮಾಡಿಟ್ಟು, ಕೂಲಿಗೆ ಹೋಗಿಬರುತ್ತಾಳೆ. ಸಂಜೆಗೆ ಬಂಧುಗಳು ಬಂದು ಅವನ ಸ್ಥಿತಿಗೆ ಮರುಗಿ ಕಾಫಿ ಕುಡಿದು ಹೋಗುತ್ತಾರೆ. ಆ ಕಾಫಿ ಮಾಡುವವಳೂ ಅವಳೇ. ಇಷ್ಟರ ಮೇಲೆ, ಸೊಸೆಯ ಕಾಲ್ಗುಣದಿಂದ ಹೀಗಾಯಿತೆಂಬ ಪಿಸುಮಾತು ಒಲೆಯ ಬಳಿಯವರೆಗೂ ಬರುತ್ತದೆ. ಗಂಡನಾದವನು ಇದನ್ನೆಲ್ಲಾ ಮಲಗಿದಲ್ಲಿಂದಲೇ ನೋಡುತ್ತಾ, ತಾನೊಂದು ಹೊರೆಯಾದೆನೆಂದು ಕುಗ್ಗುತ್ತಾನೆ. ಆ ಕುಗ್ಗುವಿಕೆಯೇ ಸಿಡುಕಾಗಿ ಹೊರಬಿದ್ದು, ತಟ್ಟೆಯನ್ನು ತಳ್ಳುತ್ತಾನೆ. ಅವಳು ಮಾತಿಲ್ಲದೆ ನೆಲ ಬಳಿಯುತ್ತಾಳೆ. ಒಂದು ವರ್ಷದ ಹೊತ್ತಿಗೆ ಆ ಮನೆಯಲ್ಲಿ ಒಬ್ಬ ರೋಗಿಯೂ ಒಬ್ಬ ದಾದಿಯೂ ಉಳಿದಿರುತ್ತಾರೆ. ಗಂಡಹೆಂಡಿರು ಎಲ್ಲಿಯೋ ಕಳೆದುಹೋಗಿರುತ್ತಾರೆ.

ಮಹನೀಯರೇ, ಆಸರೆಯಾಗುವವರು ಮನಸ್ಸಿನಲ್ಲಿಡತಕ್ಕ ಮುಖ್ಯ ತತ್ತ್ವವು ಇಲ್ಲಿಯೇ ಇದೆ. ಕಳೆದುಹೋದ ಆ ಗಂಡಹೆಂಡಿರನ್ನು ಒಬ್ಬರಿಗೊಬ್ಬರು ಮರಳಿ ದೊರಕುವಂತೆ ಮಾಡುವ ಸಹಾಯವೇ ಸಹಾಯ. ಹೆಂಡತಿಯ ಸಹನೆಯನ್ನು ಸಾವಿತ್ರಿಗೆ ಹೋಲಿಸಿ ಹೊಗಳಿ ಹೊರಟುಹೋದರೆ ಅವಳ ಇರುಳಿನ ನಿದ್ರೆ ಮರಳುವುದಿಲ್ಲ. ಹೊಗಳಿಕೆಗಿಂತ ವಾರಕ್ಕೆರಡು ರಾತ್ರಿ ಅವನ ಅಣ್ಣನೋ ತಮ್ಮನೋ ಬಂದು ಮಗ್ಗುಲಾಗಿಸುವ ಕೆಲಸವನ್ನು ವಹಿಸಿಕೊಳ್ಳುವುದು ದೊಡ್ಡದು. ಆದುದರಿಂದ ಆಸ್ಪತ್ರೆಯಲ್ಲಿ ಆರೈಕೆಯ ಕ್ರಮವನ್ನು ಹೇಳಿಕೊಡುವಾಗ ಹೆಂಡತಿಗೊಬ್ಬಳಿಗೇ ಹೇಳಿಕೊಡದೆ, ಮನೆಯ ಮತ್ತೊಬ್ಬರಾದರೂ ಕಲಿತುಕೊಳ್ಳುವಂತೆ ಬಂಧುಗಳು ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಪೆಟ್ಟಾದವನೇ ಕಲಿಯಬೇಕು. ಕೈಗಳು ಉಳಿದಿದ್ದರೆ ಮಗ್ಗುಲಾಗುವುದನ್ನು, ಮೈ ಪರೀಕ್ಷಿಸಿಕೊಳ್ಳುವುದನ್ನು, ನಳಿಕೆಯನ್ನು ಬಳಸುವುದನ್ನು ಬಹುಮಟ್ಟಿಗೆ ಅವನೇ ಮಾಡಿಕೊಳ್ಳಬಲ್ಲನು. ಮೊದಲಿಗೆ ಒಂದು ಗಂಟೆ ಹಿಡಿಯುವ ಕೆಲಸವನ್ನು ಹೆಂಡತಿ ಹತ್ತು ನಿಮಿಷದಲ್ಲಿ ಮುಗಿಸಬಹುದು. ಆದರೂ ಆ ಒಂದು ಗಂಟೆಯನ್ನು ಅವನಿಗೆ ಬಿಟ್ಟುಕೊಡುವುದೇ ಒಳ್ಳೆಯದು. ಅವನು ತನ್ನ ಮೈಯನ್ನು ತಾನು ನೋಡಿಕೊಂಡಷ್ಟೂ ಅವಳು ದಾದಿಯ ಕೆಲಸದಿಂದ ಬಿಡುಗಡೆ ಹೊಂದಿ, ಬಳಿಯಲ್ಲಿ ಕುಳಿತು ಸುಖದುಃಖ ಮಾತನಾಡುವ ಹೆಂಡತಿಯಾಗುತ್ತಾಳೆ.

ಸಂಕೋಚದಿಂದ ಯಾರೂ ಎತ್ತದ ಇನ್ನೊಂದು ವಿಷಯವುಂಟು. ಬೆನ್ನುಹುರಿಗೆ ಪೆಟ್ಟಾದೊಡನೆ ದಾಂಪತ್ಯಸುಖವೂ ಸಂತಾನದ ಆಸೆಯೂ ಮುಗಿದವೆಂದು ಊರೂ ಭಾವಿಸುತ್ತದೆ, ದಂಪತಿಗಳೂ ನಂಬಿಬಿಡುತ್ತಾರೆ. ಇದು ತಪ್ಪು ಕಲ್ಪನೆ. ಪೆಟ್ಟಾದ ಸ್ತ್ರೀಯರಲ್ಲಿ ಕೆಲವು ತಿಂಗಳು ಮುಟ್ಟು ನಿಂತರೂ ಸಾಮಾನ್ಯವಾಗಿ ಮರಳಿಬರುತ್ತದೆ; ಅವರು ಗರ್ಭಧರಿಸಿ, ವೈದ್ಯರ ಎಚ್ಚರಿಕೆಯಲ್ಲಿ ಆರೋಗ್ಯವಾದ ಮಗುವನ್ನು ಹೆರಬಲ್ಲರು. ಪುರುಷರಿಗೆ ಸಂತಾನದ ವಿಷಯದಲ್ಲಿ ಅನೇಕ ವೇಳೆ ವೈದ್ಯರ ಸಹಾಯ ಬೇಕಾಗುತ್ತದೆ. ಆ ಸಹಾಯವು ಇಂದು ಲಭ್ಯವಿದೆ. ದಂಪತಿಗಳಿಗೆ ಬಾಗಿಲು ಮುಚ್ಚಿದ ಒಂದು ಕೋಣೆಯೂ, ಬೇರೆಯವರು ಬಾರದ ಒಂದಿಷ್ಟು ಹೊತ್ತೂ ಬೇಕೆಂಬುದನ್ನು ಮನೆಯ ಹಿರಿಯರು ಅರಿತಿರಬೇಕು. ರೋಗಿಯನ್ನು ನೋಡಿಕೊಳ್ಳಲು ಅನುಕೂಲವೆಂದು ನಡುಮನೆಯಲ್ಲಿ ಮಂಚ ಹಾಕಿ, ಹಗಲಿರುಳೂ ಹತ್ತು ಜನರ ಕಣ್ಣೆದುರಿಗೆ ಇಡುವುದು ಅವರ ದಾಂಪತ್ಯವನ್ನು ಬೀದಿಯಲ್ಲಿಟ್ಟಂತೆಯೇ ಸರಿ.

ಪೆಟ್ಟಾದವಳು ಹೆಂಡತಿಯೇ ಆದಾಗ ಊರಿನ ನ್ಯಾಯವು ಬೇರೆಯಾಗುವುದನ್ನೂ ಮುಚ್ಚಿಡಬಾರದು. ಗಂಡನಿಗೆ ಹೀಗಾದರೆ ಹೆಂಡತಿ ಕಡೆಯವರೆಗೂ ಸೇವೆ ಮಾಡಬೇಕೆಂಬುದು ಧರ್ಮವೆನಿಸುತ್ತದೆ. ಹೆಂಡತಿಗೆ ಹೀಗಾದರೆ ಅವಳನ್ನು ತವರಿಗೆ ಕಳುಹಿಸಿ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಮೂರೇ ತಿಂಗಳಿಗೆ ಏಳುವುದುಂಟು. ಮಕ್ಕಳನ್ನು ಅವಳಿಂದ ಅಗಲಿಸುವುದೂ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 9ನೆಯ ಪ್ರಕರಣದಂತೆ, ಅಂಗವೈಕಲ್ಯದ ಕಾರಣದಿಂದ ಅಂಗವಿಕಲ ಮಗುವನ್ನು ತಂದೆತಾಯಿಗಳಿಂದ ಅಗಲಿಸುವಂತಿಲ್ಲ. ಮಗುವಿನ ಹಿತಕ್ಕಾಗಿ ಅವಶ್ಯವೆಂದು ನ್ಯಾಯಾಲಯವು ಕಂಡುಕೊಂಡರೆ ಮಾತ್ರ ಹಾಗೆ ಮಾಡಬಹುದು. 10ನೆಯ ಪ್ರಕರಣವು ಒಪ್ಪಿಗೆಯಿಲ್ಲದೆ ಸಂತಾನಶಕ್ತಿಯನ್ನು ಕಳೆಯುವ ಚಿಕಿತ್ಸೆಯನ್ನು ಮಾಡಬಾರದೆಂದು ವಿಧಿಸುತ್ತದೆ. ಕಾಯಿದೆಯು ನ್ಯಾಯಾಲಯದಲ್ಲಿ ನಿಂತಿದ್ದರೆ ಸಾಲದು. ಊರ ಹಿರಿಯರ ಬಾಯಲ್ಲಿಯೂ ನಿಲ್ಲಬೇಕು. ಒಡಂಬಟ್ಟು ಕೈಹಿಡಿದ ಸಂಬಂಧಕ್ಕೆ ಗಂಡಿಗೊಂದು ಹೆಣ್ಣಿಗೊಂದು ಅಳತೆಯಿಲ್ಲವೆಂದು ಅವರು ಹೇಳಿದರೆ, ಆ ಮನೆಯ ಗಂಡನಿಗೂ ಧೈರ್ಯ ಬಂದೀತು. ಹೆಂಡತಿಯ ಮೈ ತೊಳೆದು, ಜಡೆ ಹೆಣೆದು, ಅಡುಗೆ ಮಾಡಿಡುವ ಗಂಡನನ್ನು ಹಾಸ್ಯಮಾಡದೆ ಗೌರವಿಸುವುದೂ ನೆರೆಹೊರೆಯ ಕರ್ತವ್ಯವೇ.

ಇನ್ನು ನೋಡಬಂದವರ ನಡೆನುಡಿಯ ವಿಚಾರ. ಮೊದಲನೆಯ ತಿಂಗಳಲ್ಲಿ ಮನೆ ತುಂಬಾ ಜನ. ಆರನೆಯ ತಿಂಗಳಲ್ಲಿ ನಾಯಿ ಬೊಗಳಿದರೂ ಬಾಗಿಲಿಗೆ ಬರುವವರಿಲ್ಲ. ಸಹಾಯವು ಹೆಚ್ಚಾಗಿ ಬೇಕಾಗುವುದು ಆರನೆಯ ತಿಂಗಳಿನಿಂದ ಮುಂದಕ್ಕೆ. ಆದುದರಿಂದ ಮೊದಲ ದಿನವೇ ನೂರು ರೂಪಾಯಿ ದಿಂಬಿನಡಿ ಇಟ್ಟು ಹೋಗುವುದಕ್ಕಿಂತ, ಪ್ರತಿ ಸೋಮವಾರ ಸಂಜೆ ಒಂದು ಗಂಟೆ ಬರುವೆನೆಂದು ಹೇಳಿ, ಹೇಳಿದಂತೆ ವರ್ಷವಿಡೀ ಬರುವುದು ಮೇಲು. ಬಂದವರು ಹಣೆಬರಹವೆಂದಾಗಲಿ, ಪೂರ್ವಜನ್ಮದ ಫಲವೆಂದಾಗಲಿ ಆಡಬಾರದು. ನೊಂದವನಿಗೆ ಅದು ಸಮಾಧಾನವಲ್ಲ, ಆಪಾದನೆ. ಮಲಗಿದವನು ಎದುರಿಗೇ ಇರುವಾಗ, ಹೆಂಡತಿಯ ಕಡೆ ತಿರುಗಿ, “ಅತ್ತಿಗೆ, ಅಣ್ಣನಿಗೆ ಊಟ ಆಯ್ತಾ?” ಎಂದು ಕೇಳುವುದು ನಿತ್ಯ ಕಾಣುವ ತಪ್ಪು. ಅಣ್ಣನ ಕಾಲು ಹೋಗಿದೆಯೇ ಹೊರತು ಬಾಯಿ ಹೋಗಿಲ್ಲ, ಅಣ್ಣನನ್ನೇ ಕೇಳಬಹುದು. ಏನು ಬೇಕೆಂದು ಇಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸುವುದೂ ಆವಶ್ಯಕ. ಒಬ್ಬರ ಎದುರಿಗೆ ಇನ್ನೊಬ್ಬರು ಹೇಳಿಕೊಳ್ಳಲಾರದ ದಣಿವೂ ಭಯವೂ ಇರುತ್ತವೆ. ಅವನು ಬದುಕು ಸಾಕೆಂದು ಆಡಿದರೆ, ಅಥವಾ ಅವಳು ಮಾತನ್ನೇ ಬಿಟ್ಟು ಊಟ ನಿದ್ರೆಗಳನ್ನು ತೊರೆದರೆ, ಬುದ್ಧಿವಾದ ಹೇಳಿ ಮುಗಿಸದೆ, ವೈದ್ಯರಿಗೆ ತಿಳಿಸತಕ್ಕದ್ದು. ಮನಸ್ಸಿನ ನೋವಿಗೂ ಚಿಕಿತ್ಸೆಯುಂಟು. ಅದನ್ನು ಪಡೆಯುವುದು ನಾಚಿಕೆಯ ಸಂಗತಿಯಲ್ಲ.

ಮನೆಯನ್ನು ಅನುಕೂಲಗೊಳಿಸುವುದರಲ್ಲಿ ಊರಿನ ಕೈಗಳು ಬಹಳ ನೆರವಾಗಬಲ್ಲವು. ಹಳೆಯ ಮೈಸೂರಿನ ಮನೆಗಳಲ್ಲಿ ಎತ್ತರದ ಜಗಲಿ, ಎತ್ತರದ ಹೊಸ್ತಿಲು, ಹಿತ್ತಿಲಿನ ಮೂಲೆಯಲ್ಲಿ ಕಕ್ಕಸು. ಗಾಲಿಕುರ್ಚಿಗೆ ಇವು ಮೂರೂ ಕೋಟೆಯ ಗೋಡೆಗಳೇ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರನ್ನು ಕಟ್ಟಿದರೆ ಕುರ್ಚಿಯಲ್ಲಿರುವವನು ತಾನೇ ಏರಿ ಇಳಿಯಬಲ್ಲನು. ಊರಿನ ಗಾರೆಯವರಿಗೆ ಇದು ಎರಡು ದಿನದ ಕೆಲಸ. ಕಕ್ಕಸಿನ ಬಾಗಿಲನ್ನು ಅಗಲಿಸುವುದು, ಕುರ್ಚಿಯೆತ್ತರದ ಪೀಠವಿಡುವುದು, ಗೋಡೆಗೆ ಹಿಡಿಯನ್ನು ಹಾಕುವುದು ಇವು ಸಣ್ಣ ಖರ್ಚಿನವು. ಇವುಗಳಿಂದ ಒಬ್ಬನ ಮಾನವೂ ಇನ್ನೊಬ್ಬಳ ಬೆನ್ನೂ ಉಳಿಯುತ್ತವೆ.

ಮಾನವು ಮರಳುವುದಕ್ಕೆ ಕೆಲಸವೂ ಬೇಕು. ಕಾಯಕವನ್ನು ಪೂಜೆಯೆಂದು ಬಗೆದ ಪರಂಪರೆಯಲ್ಲಿ, ಕೆಲಸವಿಲ್ಲದೆ ಕೂರಿಸಿ ಅನ್ನವಿಕ್ಕುವುದನ್ನೇ ಕರುಣೆಯೆಂದು ತಿಳಿಯಬಾರದು. ಹೊಲಿಗೆ, ಅಂಗಡಿ, ಮೊಬೈಲ್ ದುರಸ್ತಿ, ಹಾಲಿನ ಸಂಘದ ಲೆಕ್ಕ, ಮಕ್ಕಳಿಗೆ ಮನೆಪಾಠ, ಹೀಗೆ ಕುಳಿತು ಮಾಡುವ ಕೆಲಸಗಳು ಅನೇಕವಿವೆ. ಹೊಲಕ್ಕೆ ಇಳಿಯಲಾಗದಿದ್ದರೂ ಹೊಲದ ವಿಚಾರವನ್ನು ಅವನೇ ನಿರ್ಣಯಿಸಬಹುದು. ಯಾವ ಬೆಳೆ, ಯಾರಿಗೆ ವಾರ, ಎಷ್ಟಕ್ಕೆ ಮಾರಾಟ ಎಂಬುದನ್ನು ದಂಪತಿಗಳಿಬ್ಬರೂ ಕೂಡಿ ಗೊತ್ತುಮಾಡುವಂತಿರಬೇಕು. ಮಲಗಿದವನ ಹೆಬ್ಬೆಟ್ಟು ಒತ್ತಿಸಿ ಭೂಮಿಯನ್ನು ಬರೆಸಿಕೊಳ್ಳುವ ದಾಯಾದಿಗಳೂ ಲೋಕದಲ್ಲುಂಟು. ಅಂಗವಿಕಲರಿಗೂ ಇತರರಂತೆಯೇ ಆಸ್ತಿಯನ್ನು ಹೊಂದುವ, ತಮ್ಮ ಹಣಕಾಸನ್ನು ತಾವೇ ನಡೆಸುವ, ಬ್ಯಾಂಕಿನ ಸಾಲ ಪಡೆಯುವ ಹಕ್ಕುಂಟೆಂದು ಮೇಲೆ ಹೇಳಿದ ಕಾಯಿದೆಯ 13ನೆಯ ಪ್ರಕರಣವು ಸಾರುತ್ತದೆ.

ಆಸರೆಗೆ ಸಂಸ್ಥೆಗಳೂ ಇವೆ. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್, 1959ರಲ್ಲಿ ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆ ಇವು ಪ್ರಸಿದ್ಧವಾದುವು. ಹೆಗ್ಗಡದೇವನ ಕೋಟೆಯ ಸೀಮೆಯಲ್ಲಿ, 1984ರಲ್ಲಿ ಮೈಸೂರಿನ ವೈದ್ಯವಿದ್ಯಾರ್ಥಿಗಳು ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಸರಗೂರಿನಲ್ಲಿ ಆಸ್ಪತ್ರೆಯನ್ನು ನಡೆಸುತ್ತಿದೆ. ಕರ್ಣಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ಅವರ ಮೇಲೆ ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಇವರಲ್ಲಿ ಅನೇಕರು ಸ್ವತಃ ಅಂಗವಿಕಲರಾದುದರಿಂದ ಕಷ್ಟವನ್ನು ಬಲ್ಲರು. ಅಂಗವೈಕಲ್ಯದ ಪ್ರಮಾಣಪತ್ರ, ವಿಶಿಷ್ಟ ಗುರುತಿನ ಚೀಟಿ, ಮಾಸಾಶನ, ಗಾಲಿಕುರ್ಚಿ ಇವುಗಳಿಗೆ ಅರ್ಜಿ ಹಾಕಿಸುವುದು ಅವರ ಕೆಲಸ. ಶೇಕಡಾ 40ಕ್ಕೆ ಕಡಮೆಯಿಲ್ಲದ ವೈಕಲ್ಯವಿದ್ದವರಿಗೆ ಸರ್ಕಾರಿ ಉದ್ಯೋಗಗಳಲ್ಲಿ ಶೇಕಡಾ 4ರ, ಬಡತನ ನಿವಾರಣೆಯ ಯೋಜನೆಗಳಲ್ಲಿಯೂ ಭೂಮಿ ಮನೆಗಳ ಹಂಚಿಕೆಯಲ್ಲಿಯೂ ಶೇಕಡಾ 5ರ ಮೀಸಲಾತಿಯು 2016ರ ಕಾಯಿದೆಯಿಂದ ದೊರೆತಿದೆ. ಪೆಟ್ಟು ರಸ್ತೆಯ ಅಪಘಾತದಿಂದಾದುದಾದರೆ ವಿಳಂಬಮಾಡದೆ ಪರಿಹಾರಕ್ಕಾಗಿ ಅರ್ಜಿ ಹಾಕಬೇಕು. ಆರೈಕೆ ಮಾಡುವವರ ವೆಚ್ಚವನ್ನೂ ಬಾಳಿನ ಉದ್ದಕ್ಕೂ ಲೆಕ್ಕಹಿಡಿದು ಪರಿಹಾರ ಕೊಡಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2020ರ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಈ ಕಛೇರಿಗಳಿಗೆಲ್ಲಾ ಅಲೆಯಲು ಆ ಹೆಂಡತಿಗೆ ಬಿಡುವೆಲ್ಲಿದೆ? ಓದುಬರಹ ಬಲ್ಲ ಊರ ಯುವಕನೊಬ್ಬನು ಅವಳ ಪರವಾಗಿ ಕಾಗದಪತ್ರಗಳನ್ನು ಹಿಡಿದು ಓಡಾಡಿದರೆ, ಅದು ಹತ್ತು ಮೂಟೆ ಅಕ್ಕಿಗೆ ಸಮಾನವಾದ ದಾಸೋಹ.

ಕಡೆಯದಾಗಿ ಮಠ, ಗುಡಿ, ಶಾಲೆ, ಸಂತೆ, ಜಾತ್ರೆಗಳ ಮಾತು. ಎಲ್ಲರೂ ಸೇರುವ ಕಡೆಗೆ ಬರಲಾಗದಿದ್ದರೆ ಮನುಷ್ಯನು ಊರಿನಲ್ಲಿದ್ದೂ ಊರಿನವನಾಗುವುದಿಲ್ಲ. ಮಠದ ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಇಳಿಜಾರು, ಪಂಕ್ತಿಯ ಊಟದಲ್ಲಿ ಗಾಲಿಕುರ್ಚಿಗೆ ಸರಿಹೋಗುವ ಒಂದು ಮೇಜು, ಜಾತ್ರೆಯ ದಿನ ಗದ್ದಲವಿಲ್ಲದ ಒಂದೆಡೆ, ಇಷ್ಟು ಇದ್ದರೆ ಅವನು ಬರುತ್ತಾನೆ. ಮದುವೆ, ಗೃಹಪ್ರವೇಶಗಳಿಗೆ ಕರೆಯುವವರು, “ಪಾಪ, ಅವರಿಗೆ ಬರಲಾಗುವುದಿಲ್ಲ” ಎಂದು ತಾವೇ ತೀರ್ಮಾನಿಸದೆ, ಅರಿಸಿನ ಕುಂಕುಮದೊಡನೆ ಆ ಮನೆಗೂ ಹೋಗಿ ಇಬ್ಬರನ್ನೂ ಹೆಸರು ಹಿಡಿದು ಕರೆಯಲಿ. ಬರುವುದು ಬಿಡುವುದು ಅವರ ಇಷ್ಟಕ್ಕಿರಲಿ. ಹೆಂಡತಿಗೆ ಒಂದು ಹಬ್ಬಕ್ಕಾದರೂ ತವರಿಗೆ ಹೋಗಿಬರಲು ಬಿಡುವಾಗುವಂತೆ, ಆ ಮೂರು ದಿನ ಆರೈಕೆಯನ್ನು ಬೀದಿಯವರು ಹಂಚಿಕೊಳ್ಳಲಿ.

ಈ ಉಪನ್ಯಾಸವನ್ನು ಕೇಳಿದವರು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದ ಮೇಲೆ, ತಮ್ಮ ಬೀದಿಯಲ್ಲಿ ಇಂಥ ಮನೆಯೊಂದು ಇದೆಯೇ ಎಂದು ವಿಚಾರಿಸಬೇಕೆಂಬುದೇ ಇಲ್ಲಿನ ಪ್ರಾರ್ಥನೆ. ಇದ್ದರೆ, ಒಂದು ಸಂಜೆ ಅಲ್ಲಿಗೆ ಹೋಗಿ, ಮಲಗಿದವರ ಸಮಾಚಾರವನ್ನು ಕೇಳಿದ ಮೇಲೆ, ಅವರ ಪಕ್ಕದಲ್ಲಿ ನಿಂತವರನ್ನೂ “ನಿಮಗೆ ನಿದ್ರೆ ಆಯಿತೇ?” ಎಂದು ಒಂದು ಮಾತು ಕೇಳಲಿ. ಆಗಲಿಲ್ಲವೆಂಬ ಉತ್ತರ ಬಂದರೆ, ಆ ರಾತ್ರಿಯ ಮಗ್ಗುಲಾಗಿಸುವ ಪಾಳಿಯನ್ನು ತಾವೇ ವಹಿಸಿಕೊಳ್ಳಲಿ. ಇಬ್ಬರಿಗೂ ಶುಭವಾಗಲಿ.